ಶರಾವತಿಯ ದಡದಲ್ಲಿ ಒಂದು ನಾಗಂದಿಗೆ

ಸಾಗರ ಪಟ್ಟಣದಿಂದ ಪಶ್ಚಿಮಕ್ಕೆ, ಹೊಳೆಬಾಗಿಲಿನ ಕಡೆಗೆ ಹೊರಟ ಪ್ರಯಾಣಿಕನಿಗೆ ಮೊದಮೊದಲು ಹೊಸದೇನೂ ಕಾಣುವುದಿಲ್ಲ. ಅಡಿಕೆಯ ತೋಟ, ಗದ್ದೆಯ ಬಯಲು, ಕೆಮ್ಮಣ್ಣಿನ ದರೆ, ದರೆಯ ಮೇಲೆ ಸಾಲಾಗಿ ನಿಂತ ಅಕೇಶಿಯಾ ನೆಡುತೋಪು. ಮಲೆನಾಡಿನ ಯಾವ ದಾರಿಯಲ್ಲಾದರೂ ಇಷ್ಟು ಇದ್ದೇ ಇರುತ್ತದೆ. ಆದರೆ ಒಂದು ತಿರುವು ಕಳೆಯುತ್ತಲೇ ಮರಗಳ ಸಂದಿನಲ್ಲಿ ನೀರು ಮಿಂಚುತ್ತದೆ. ಅದು ಹೊಳೆಯಲ್ಲ, ಕೆರೆಯೂ ಅಲ್ಲ. ಬೆಟ್ಟಗಳ ಕಂಕುಳುಗಳಿಗೆಲ್ಲ ಕೈಚಾಚಿ ಮಲಗಿದ ಶರಾವತಿಯ ಹಿನ್ನೀರು. ಮಳೆಗಾಲ ಮುಗಿದಾಗ ನೋಡಿದವರು ಇದನ್ನು ಸಮುದ್ರವೆಂದು ಬಣ್ಣಿಸುತ್ತಾರೆ. ಬಿರುಬೇಸಗೆಯಲ್ಲಿ ಬಂದವರಿಗೆ ಬೇರೊಂದು ಮುಖ ಕಾಣುತ್ತದೆ. ನೀರು ಇಳಿದ ಕೆಂಪು ದಿಣ್ಣೆಗಳ ಮೇಲೆ ಅರುವತ್ತು ವರ್ಷಗಳಿಂದ ಕೊಳೆಯದೆ ನಿಂತ ಮರಗಳ ಕರಿಯ ಬೊಡ್ಡೆಗಳು. ಅಲ್ಲಲ್ಲಿ ಕೆಸರಿನಿಂದ ತಲೆಯೆತ್ತಿದ ಕಲ್ಲುಕಟ್ಟು. ಎಲ್ಲಿಗೂ ಹೋಗದ ಒಂದು ಹಳೆಯ ದಾರಿಯ ತುಂಡು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಸುಮಾರು 830 ಅಡಿ ಧುಮುಕಿ, ಹೊನ್ನಾವರದ ಬಳಿ ಕಡಲನ್ನು ಸೇರುವ ಈ ನದಿಯನ್ನು ಮನುಷ್ಯನು ಒಂದಕ್ಕಿಂತ ಹೆಚ್ಚು ಸಲ ತಡೆದಿದ್ದಾನೆ. ಮೊದಲನೆಯದು 1940ರ ದಶಕದ ಹಿರೇಭಾಸ್ಕರ ಅಣೆಕಟ್ಟು. ಎರಡನೆಯದು 1964ರಲ್ಲಿ ಮುಗಿದ ಲಿಂಗನಮಕ್ಕಿ. ಎರಡು ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಕಟ್ಟೆ. ಎರಡನೆಯದರ ನೀರು ಮೊದಲನೆಯದನ್ನೇ ನುಂಗಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಹಿರೇಭಾಸ್ಕರದ ಗೋಡೆ ಮತ್ತೆ ಹೊರಗೆ ಕಾಣುವುದುಂಟು. ಜನ ಅದನ್ನು ನೋಡಲು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟು. ಆ ಬೆಳಕಿಗಾಗಿ ಊರು ಬಿಟ್ಟವರು ಶಿವಮೊಗ್ಗ ಜಿಲ್ಲೆಯ ಕಾಡಂಚುಗಳಲ್ಲಿ ಬೇರೆ ಊರು ಕಟ್ಟಿಕೊಂಡರು. ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಮೊಮ್ಮಕ್ಕಳ ಕಾಲಕ್ಕೂ ಬಗೆಹರಿಯದೆ ಉಳಿದಿದೆ. ಬಿಡದೆ ಆಚೆದಡದಲ್ಲಿ ಉಳಿದ ತುಮರಿ ಮೊದಲಾದ ಊರುಗಳವರು ತಲೆಮಾರುಗಳ ಕಾಲ ಲಾಂಚಿಗಾಗಿ ಕಾದರು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಈ ಮುಳುಗಡೆಯ ಕಥೆಯನ್ನು ಕನ್ನಡಿಗರಿಗೆ ಮನಮುಟ್ಟುವಂತೆ ಹೇಳಿದವರು ಸಾಗರದಲ್ಲಿಯೇ ಬಾಳಿ 2025ರ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜ ಅವರು. ಅವರ ‘ಮುಳುಗಡೆ’ ಮತ್ತು ‘ದ್ವೀಪ’ ಈ ಕಡೆಯ ಮನೆಗಳಲ್ಲಿ ಪಂಚಾಂಗದ ಪಕ್ಕದಲ್ಲಿ ಇರುತ್ತವೆ.

ಈ ದಾರಿಯಿಂದ ಕವಲೊಡೆದ ಮಣ್ಣುರಸ್ತೆಯ ಕೊನೆಗೆ ಏಳೆಂಟು ಮನೆಗಳ ಒಂದು ಕೇರಿಯಿದೆ. ಕೊನೆಯ ಮನೆ ನಿವೃತ್ತ ಪ್ರೌಢಶಾಲಾ ಮಾಸ್ತರರೊಬ್ಬರದು. ಮುಂದೆ ಜಗಲಿ, ಹಿಂದೆ ಎರಡೆಕರೆಯಷ್ಟು ತೋಟ, ಪಕ್ಕದಲ್ಲಿ ದನಗಳಿಲ್ಲದ ಕೊಟ್ಟಿಗೆ. ಹಸು ಮಾರಿದ ಮೇಲೆ ಮಾಸ್ತರರು ಕೊಟ್ಟಿಗೆಯ ಅರ್ಧವನ್ನು ಗಾರೆ ಮಾಡಿಸಿ, ಪೂರ್ವದ ಗೋಡೆಗೆ ಕಿಟಕಿಯಿಡಿಸಿ, ಅದನ್ನು ತಮ್ಮ ಮರಗೆಲಸದ ಮನೆಯನ್ನಾಗಿ ಮಾಡಿಕೊಂಡಿದ್ದಾರೆ. ಮತ್ತಿಯ ದಿಮ್ಮಿಯ ಒಂದು ಮೇಜು, ಗೋಡೆಗೆ ತೂಗುಹಾಕಿದ ಎರಡು ಗರಗಸ, ಆರು ಉಳಿಗಳು, ಉಜ್ಜುಗೊರಡು, ಕೊಡತಿ, ಬೈರಿಗೆ, ಮೂಲೆಮಟ್ಟ. ಇಷ್ಟರಲ್ಲಿ ಅವರು ಮಣೆ ಮಾಡಿದ್ದಾರೆ, ತುಳಸಿಕಟ್ಟೆಯ ಮುಂದಿಡುವ ಪೀಠ ಮಾಡಿದ್ದಾರೆ, ನೆರೆಮನೆಯ ಮಗುವಿಗೆ ತೊಟ್ಟಿಲನ್ನೂ ಮಾಡಿದ್ದಾರೆ. ತೊಟ್ಟಿಲು ಸ್ವಲ್ಪ ಎಡಕ್ಕೆ ವಾಲುತ್ತಿತ್ತೆಂದೂ, ಆದ್ದರಿಂದಲೇ ಆ ಮಗು ಬೇಗ ನಿದ್ರೆ ಹೋಗುತ್ತಿತ್ತೆಂದೂ ಕೇರಿಯಲ್ಲಿ ಮಾತಿದೆ.

ಪುಸ್ತಕದ ಗೂಡು ಮಾಡುವ ಯೋಚನೆ ಅವರಿಗೆ ಬಂದದ್ದು ಒಂದು ಮಳೆಗಾಲದ ನಷ್ಟದಿಂದ. ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳು ಬೆವರುತ್ತವೆ. ಉಪ್ಪು ನೀರಾಗುತ್ತದೆ, ಬಟ್ಟೆ ಒಣಗುವುದಿಲ್ಲ, ಪುಸ್ತಕಗಳ ರಟ್ಟಿನ ಮೇಲೆ ಬೂದಿಬಣ್ಣದ ಬೂಸ್ಟು ಹಬ್ಬುತ್ತದೆ. ಗೋಡೆಗೆ ತಾಗಿಸಿ ನಿಲ್ಲಿಸಿದ್ದ ಉಕ್ಕಿನ ಕಪಾಟಿನಲ್ಲಿ ಮಾಸ್ತರರ ಪುಸ್ತಕಗಳಿದ್ದವು. ಉಕ್ಕು ತಣ್ಣಗಾದಾಗ ಒಳಗಿನ ತೇವ ಅದರ ಮೈಮೇಲೆ ಹನಿಗಟ್ಟುತ್ತದೆ. ಬಾಗಿಲು ಮುಚ್ಚಿದ್ದರೆ ಆ ಹನಿಗೆ ಹೊರಗೆ ಹೋಗಲು ದಾರಿಯಿಲ್ಲ. ಒಂದು ಆಗಸ್ಟಿನಲ್ಲಿ ಕಿಟ್ಟೆಲರ 1894ರ ನಿಘಂಟಿನ ಮರುಮುದ್ರಣವೊಂದು ಹಾಳೆಹಾಳೆ ಅಂಟಿಕೊಂಡು ಇಟ್ಟಿಗೆಯಂತಾಯಿತು. ಕೊಟ್ಟಿಗೆಯ ಅಟ್ಟದ ಮೇಲೆ, ಅಡಿಕೆಯ ಹೆಡಿಗೆಗಳ ಹಿಂದೆ ಬಿದ್ದಿದ್ದ ಹಲಗೆಗಳು ಮಾಸ್ತರರ ನೆನಪಿಗೆ ಬಂದದ್ದು ಆಗ.

ಆ ಹಲಗೆಗಳು ಎರಡು. ಹಲಸಿನ ಮರದವು. ಮುಳುಗಡೆಯಾದ ಮನೆಯ ನಾಗಂದಿಗೆಯವು. ಮಲೆನಾಡಿನ ಹಳೆಯ ಮನೆಗಳನ್ನು ಕಂಡ ವಾಚಕರಿಗೆ ನಾಗಂದಿಗೆಯ ಪರಿಚಯವಿದೆ: ಗೋಡೆಯಿಂದ ಹೊರಚಾಚಿದ ಮರದ ಕೈಗಳ ಮೇಲೆ, ಆಳೆತ್ತರಕ್ಕಿಂತ ತುಸು ಮೇಲೆ, ಗೋಡೆಯುದ್ದಕ್ಕೂ ಹಾಸಿದ ಹಲಗೆ. ಉಪ್ಪಿನಕಾಯಿಯ ಭರಣಿಯಿಂದ ತಾಳೆಯೋಲೆಯ ಕಟ್ಟಿನವರೆಗೆ ಮಕ್ಕಳ ಕೈಗೆ ಸಿಗಬಾರದ್ದೆಲ್ಲ ಅದರ ಮೇಲೆ ಇರುತ್ತಿತ್ತು. ನಮ್ಮ ಹಿಂದಿನ ಮನೆಗಳಲ್ಲಿ ಪುಸ್ತಕದ ಕಪಾಟು ಇರಲಿಲ್ಲವೆಂದು ಹೇಳುವವರು ತಲೆಯೆತ್ತಿ ನೋಡಿದವರಲ್ಲ.

1964ರಲ್ಲಿ ಮಾಸ್ತರರಿಗೆ ಒಂಬತ್ತು ವರ್ಷ, ಅವರ ಅಕ್ಕನಿಗೆ ಹದಿನೇಳು. ಮನೆ ಬಿಚ್ಚುವ ಕೆಲಸಕ್ಕೆ ಬಂದಿದ್ದ ಆಚಾರರಲ್ಲಿ ಒಬ್ಬರು ಇಂದಿಗೂ ಪಕ್ಕದ ಕೇರಿಯಲ್ಲಿದ್ದಾರೆ. ಆಗ ಅವರು ಇಪ್ಪತ್ತರ ಹುಡುಗ. “ಮಾಸ್ತರೇ, ನನ್ನ ಲೆಕ್ಕದಲ್ಲಿ ಕಟ್ಟಿದ ಮನೆಗಿಂತ ಬಿಚ್ಚಿದ ಮನೆಯೇ ಹೆಚ್ಚು,” ಎಂದು ಅವರು ಹೇಳುವಾಗ ಆ ಮಾತಿನಲ್ಲಿ ದುಃಖಕ್ಕಿಂತ ಕಸುಬಿನ ಹೆಮ್ಮೆಯೇ ಮುಂದು. ಆ ಮನೆಗಳನ್ನು ಬಿಚ್ಚುವುದು ಒಂದು ವಿದ್ಯೆಯಾಗಿತ್ತು. ಕಂಬ, ತೊಲೆ, ಜಂತೆಗಳನ್ನು ಕಬ್ಬಿಣದ ಮೊಳೆಯಿಂದಲ್ಲ, ಒಂದರೊಳಗೊಂದು ಕಚ್ಚಿಸಿ, ಮರದ ಬೆಣೆ ಹೊಡೆದು ನಿಲ್ಲಿಸಿದ್ದರು. ಯಾವ ಬೆಣೆ ಕೊನೆಗೆ ಹೊಡೆದದ್ದೆಂದು ತಿಳಿದವನು ಅದನ್ನು ಮೊದಲು ಕೀಳುತ್ತಾನೆ. ಮನೆ ತಾನಾಗಿ ಬಿಟ್ಟುಕೊಡುತ್ತದೆ. ತಿಳಿಯದವನು ಗರಗಸ ಹಾಕುತ್ತಾನೆ. ಆ ವರ್ಷ ಮರ ಕೊಳ್ಳಲು ಬಂದ ವ್ಯಾಪಾರಿಗಳಿಗೆ ಅವಸರ, ಮಾರುವವರಿಗೆ ಅದಕ್ಕಿಂತ ಅವಸರ. ಮಾಸ್ತರರ ತಂದೆ ಕಂಬಗಳನ್ನೂ ಪ್ರಧಾನ ಬಾಗಿಲನ್ನೂ ಕೊಟ್ಟುಬಿಟ್ಟರು. ಎತ್ತಿನ ಗಾಡಿಯಲ್ಲಿ ಉಳಿದ ಜಾಗಕ್ಕೆ ಹೊಂದಿದ್ದು ನಾಗಂದಿಗೆಯ ಎರಡು ತುಂಡು ಮಾತ್ರ. ಹೊಸ ಮನೆಯ ಮಣ್ಣಿನ ಗೋಡೆ ಅದರ ಭಾರ ತಡೆಯುವಂತಿರಲಿಲ್ಲ. ಹಲಗೆಗಳು ಅಟ್ಟ ಸೇರಿದವು.

ಕೆಳಗಿಳಿಸಿ ಧೂಳು ಒರೆಸಿದಾಗ ಒಂದು ಹಲಗೆ 9 ಅಡಿ, ಇನ್ನೊಂದು ಏಳೂವರೆ ಅಡಿ ಬಂತು. ಅಗಲ 13 ಅಂಗುಲ, ದಪ್ಪ ಒಂದೂಕಾಲು. ಅಂಚಿನ ಬಿಳಿಯ ಹೊರಮರವನ್ನು ಹುಳು ತಿಂದು ಪುಡಿಮಾಡಿತ್ತು. ಒಳಗಿನ ಚೇಗು ಮಾತ್ರ ಕಲ್ಲಿನಂತಿತ್ತು. ಹಲಸು ಕಡಿದ ಹೊಸದರಲ್ಲಿ ಅರಿಸಿನದ ಬಣ್ಣದ್ದು. ವರ್ಷ ಕಳೆದಂತೆ ಬೆಲ್ಲದ ಬಣ್ಣಕ್ಕೆ, ಅಲ್ಲಿಂದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಗೆದ್ದಲಿಗೆ ಅದರ ಚೇಗು ಅಷ್ಟಾಗಿ ರುಚಿಸುವುದಿಲ್ಲ. ವೀಣೆಯ ಕೊಡವನ್ನೂ ಮೃದಂಗದ ಕಳಸಿಗೆಯನ್ನೂ ಇದರಿಂದಲೇ ಕೊರೆಯುವುದು. ಅರುವತ್ತು ವರ್ಷ ಅಡಿಕೆಯ ಒಣಹವೆಯಲ್ಲಿ ಮಲಗಿದ್ದ ಹಲಗೆ ಇನ್ನು ಬಾಗುವ, ಸೀಳುವ ಹಟವನ್ನೆಲ್ಲ ಬಿಟ್ಟಿತ್ತು. ಆದರೆ ಇಂಥ ಹಲಗೆಯಲ್ಲಿ ಒಂದು ತೊಂದರೆಯಿದೆ. ಕೊಯ್ದ ತಪ್ಪಿಗೆ ಇನ್ನೊಂದು ತುಂಡನ್ನು ಪೇಟೆಯಿಂದ ತರುವಂತಿಲ್ಲ.

ಮಾಸ್ತರರು ಮೊದಲು ಕಾಗದದ ಮೇಲೆ ಗೂಡು ಕಟ್ಟಿದರು. ಅಳತೆಯನ್ನು ಮರದಿಂದಲ್ಲ, ಪುಸ್ತಕದಿಂದ ಆರಂಭಿಸಬೇಕೆಂಬುದು ಅವರ ಸಿದ್ಧಾಂತ. ಕನ್ನಡದ ಪುಸ್ತಕಗಳು ಬಹುಮಟ್ಟಿಗೆ ಎರಡೇ ಆಕಾರದವು: ಏಳೂವರೆ ಅಂಗುಲ ಎತ್ತರದ ಕ್ರೌನ್ ಅಷ್ಟಪತ್ರ, ಎಂಟೂವರೆ ಅಂಗುಲದ ಡೆಮಿ ಅಷ್ಟಪತ್ರ. ಆದ್ದರಿಂದ ಮೇಲಿನ ಅಂಕಣಕ್ಕೆ 8 ಅಂಗುಲ, ನಡುವಣದಕ್ಕೆ 9, ನಿಘಂಟು ಮೊದಲಾದ ದೊಡ್ಡವರಿಗೆ ಕೆಳಗೆ 11. ನೆಲದಿಂದ 5 ಅಂಗುಲ ಬಿಟ್ಟು ಮೊದಲ ಹಲಗೆ. ಗುಡಿಸುವ ಹಿಡಿ ಅಡಿಯಲ್ಲಿ ಆಡಬೇಕು, ಗೆದ್ದಲು ಹತ್ತಿದರೆ ಅದರ ಮಣ್ಣಿನ ದಾರಿ ಕಣ್ಣಿಗೆ ಬೀಳಬೇಕು. ಒಟ್ಟು ಎತ್ತರ 36 ಅಂಗುಲ, ಆಳ 9. ಹಿಂಬದಿಗೆ ಹಲಗೆಯಿಲ್ಲ, ಸೀಳಿ ತೆಗೆದ ಅಂಚಿನಲ್ಲಿ ಗಟ್ಟಿಯಿರುವಷ್ಟನ್ನು ಎರಡು ಪಟ್ಟಿಯಾಗಿ ಅಡ್ಡಕ್ಕೆ ಹೊಡೆದರೆ ಗೂಡು ಓರೆಯಾಗುವುದಿಲ್ಲ, ಗಾಳಿಯೂ ಆಡುತ್ತದೆ. ಗೋಡೆಗೂ ಗೂಡಿಗೂ ನಡುವೆ ಮೂರು ಬೆರಳು ಜಾಗ.

ಅಡ್ಡಹಲಗೆಯ ಉದ್ದ 28 ಅಂಗುಲವೆಂದು ನಿರ್ಧರಿಸಿದ್ದು ಯೋಚಿಸಿಯೇ. ಅಕ್ಷರಕ್ಕೆ ಭಾರವಿಲ್ಲವೆಂದು ತಿಳಿದವರು ಪುಸ್ತಕ ಹೊತ್ತು ಮನೆ ಬದಲಾಯಿಸಿದವರಲ್ಲ. ಒಂದು ಅಡಿ ಉದ್ದಕ್ಕೆ ಜೋಡಿಸಿದ ಪುಸ್ತಕಗಳು ಎಂಟು ಹತ್ತು ಕಿಲೋ ತೂಗುತ್ತವೆ. ಹಲಗೆಯ ಉದ್ದ ಎರಡರಷ್ಟಾಗಿ ಅದರ ತುಂಬ ಪುಸ್ತಕ ಹೇರಿದರೆ ನಡುವಣ ಬಾಗು ಎರಡರಷ್ಟಲ್ಲ, ಹದಿನಾರರಷ್ಟು. ದಪ್ಪ ಎರಡರಷ್ಟಾದರೆ ಬಾಗು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಪೇಟೆಯಲ್ಲಿ ಕೊಂಡ ಉದ್ದನೆಯ ತೆಳು ಕಪಾಟುಗಳು ಎರಡೇ ವರ್ಷಕ್ಕೆ ಹಗ್ಗದ ಮಂಚದಂತಾಗುವುದು ಈ ಲೆಕ್ಕದಿಂದಲೇ.

ಬರೆದ ಕಾಗದವನ್ನು ಜಗಲಿಯ ಮೇಲೆ ಹರಡಿದಾಗ ಅಕ್ಕ ಬಂದು ನೋಡಿದರು. ಈಗ ಅವರಿಗೆ ಎಂಬತ್ತು ಸಮೀಪಿಸುತ್ತಿದೆ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿದ್ದಾರೆ. ಏನೂ ಮಾತನಾಡದೆ ಒಳಗೆ ಹೋಗಿ, ಮಂಚದಡಿಯ ತಗಡಿನ ಪೆಟ್ಟಿಗೆಯಿಂದ ಒಂದು ದಪ್ಪ ಪುಸ್ತಕವನ್ನು ತಂದು ಅಳತೆಪಟ್ಟಿಯ ಪಕ್ಕ ನಿಲ್ಲಿಸಿದರು. ಹನ್ನೊಂದೂವರೆ ಅಂಗುಲ.

ಅದು ಅಂಗಡಿಯಲ್ಲಿ ದೊರೆಯುವ ಪುಸ್ತಕವಲ್ಲ. ವಾರಪತ್ರಿಕೆಯ ಧಾರಾವಾಹಿಯೊಂದನ್ನು ಮೊದಲ ಕಂತಿನಿಂದ ಕೊನೆಯದರವರೆಗೆ ಬಿಡಿಸಿ, ಒಟ್ಟುಗೂಡಿಸಿ, ದಬ್ಬಳದಿಂದ ಹೊಲಿದು, ಕಂದು ಕಾಗದದ ಹೊದಿಕೆ ಹಾಕಿದ ಕಟ್ಟು. ಅಂಥವು ಪೆಟ್ಟಿಗೆಯಲ್ಲಿ ಇಪ್ಪತ್ತಮೂರು ಇದ್ದವು. ಪ್ರಜಾಮತ, ಕರ್ಮವೀರ, 1965ರಲ್ಲಿ ಆರಂಭವಾದ ಸುಧಾ; ಊರಿನ ನಾಲ್ಕಾರು ಮನೆಗಳನ್ನು ಸುತ್ತಿ, ಕೊನೆಗೆ ಇವರ ಕೈಗೆ ಬಂದು ಉಳಿದ ಸಂಚಿಕೆಗಳು. ಯಾವ ಮನೆಯಲ್ಲೋ ಹಪ್ಪಳದ ಎಣ್ಣೆ ಬಿದ್ದ ಪುಟ, ಯಾವ ಮಗುವೋ ನಾಯಕಿಗೆ ಮೀಸೆ ಬರೆದ ಚಿತ್ರ. ನಡುವೆ ಒಂದು ಕಂತು ಸಿಗದಿದ್ದರೆ, ಓದಿದ್ದ ನೆರೆಯವರಿಂದ ಕಥೆ ಕೇಳಿ, ನೋಟುಪುಸ್ತಕದ ಹಾಳೆಯಲ್ಲಿ ಸಂಗ್ರಹ ಬರೆದು ಆ ಜಾಗಕ್ಕೆ ಸೇರಿಸಿದ್ದರು. ಮೈದಾ ಹಿಟ್ಟಿನ ಅಂಟಿಗೆ ಜಿರಲೆ, ಹುಳುಗಳು ಬರುವುದೆಂದು ಅದಕ್ಕೆ ಒಂದು ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು. ಕೊಳೆರೋಗಕ್ಕೆ ಔಷಧಿ ಹೊಡೆಯುವ ಅಡಿಕೆಯ ಮನೆಯಲ್ಲಿ ಮೈಲುತುತ್ತಕ್ಕೆ ಬರವೇ? ತಮ್ಮನ ನಿಘಂಟು ಇಟ್ಟಿಗೆಯಾದ ಮಳೆಗಾಲದಲ್ಲಿ ಅಕ್ಕನ ಕಟ್ಟುಗಳು ತಗಡಿನ ಪೆಟ್ಟಿಗೆಯಲ್ಲಿ ಬಜೆಯ ಬೇರು, ಬೇವಿನ ಎಲೆಗಳ ನಡುವೆ ಹೇಗೋ ಬದುಕಿಕೊಂಡಿದ್ದವು. ಆದರೆ ಅವನ್ನು ಓದಬೇಕಾದರೆ ಎಂಬತ್ತರ ಮೊಣಕಾಲು ನೆಲಕ್ಕೂರಬೇಕು, ಪೆಟ್ಟಿಗೆಯನ್ನು ಎಳೆಯಬೇಕು.

“ನಿನ್ನವು ದೊಡ್ಡ ಪುಸ್ತಕ, ಇವಕ್ಕೆ ಪೆಟ್ಟಿಗೆಯೇ ಸಾಕು ಬಿಡು ತಮ್ಮಾ,” ಎಂದು ಅಕ್ಕ ಕಟ್ಟನ್ನೆತ್ತಿಕೊಂಡು ಒಳಗೆ ಹೋದರು. ಆ ಮಾತಿನಲ್ಲಿ ಮುನಿಸಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ಮಾಸ್ತರರು, ಮನೆಯ ಪುಸ್ತಕಗಳನ್ನೆಲ್ಲ ಅಳೆದೆನೆಂದುಕೊಂಡವರು, ಬಹಳ ಹೊತ್ತು ಆ ಕಾಗದವನ್ನೇ ನೋಡುತ್ತ ಕುಳಿತರಂತೆ. ಮರುದಿನ ಕಾಗದ ಬದಲಾಯಿತು. ಕೆಳಗಿನ ಅಂಕಣ 12 ಅಂಗುಲ, ಒಟ್ಟು ಎತ್ತರ 37.

ಒಂದು ಅಂಗುಲವೆಂದರೆ ಅಲ್ಪವೆನಿಸಬಹುದು. ಆದರೆ ಉದ್ದ ಹಲಗೆಯಿಂದ ಎರಡು ಪಕ್ಕದ ಹಲಗೆಗಳೂ ಒಂದು ಅಡ್ಡಹಲಗೆಯೂ ಬರಬೇಕು. ಒಂದು ತುದಿಯಲ್ಲಿ ನಾಲ್ಕು ಅಂಗುಲ ಸೀಳು, ಅದನ್ನು ಬಿಡಲೇಬೇಕು. ನಾಲ್ಕು, ಇಪ್ಪತ್ತೆಂಟು, ಎರಡು ಮೂವತ್ತೇಳು, ಒಟ್ಟು 106. ಹಲಗೆ 108. ಗರಗಸದ ಹಲ್ಲು ತಿನ್ನುವುದನ್ನು ಕಳೆದರೆ ಒಂದೂವರೆ ಅಂಗುಲ ಮಿಕ್ಕಿತು. ಸೌದೆಗೂ ಸಾಲದಷ್ಟು.

ಗುರುತು ಹಾಕಲು ಆಚಾರರನ್ನು ಕರೆಸಿದರು. ಅವರು ಹಲಗೆಯ ಮೇಲ್ಮುಖವನ್ನು ಅಂಗೈಯಿಂದ ಸವರುತ್ತ ಬಂದು ಒಂದು ಕಡೆ ನಿಂತರು. ಸೀಳಿದ ತುದಿಯಿಂದ 40 ಅಂಗುಲದಲ್ಲಿ ಹಿತ್ತಾಳೆಯ ದೀಪದ ತಳದಷ್ಟು ಅಗಲದ ಕರಿಯ ವೃತ್ತ, ಅದರ ಅಂಚಿನಲ್ಲಿ ಹೆಬ್ಬೆರಳು ಹಿಡಿಯುವಷ್ಟು ಸುಟ್ಟ ತಗ್ಗು. ಮೊದಲ ಕಾಗದದ ಪ್ರಕಾರ ಗರಗಸ ಹೋಗಬೇಕಾಗಿದ್ದುದು ಸರಿಯಾಗಿ ಅದರ ನಡುವೆ. “ಮಸಿ ಏನು, ಎರಡು ಸಲ ಉಜ್ಜುಗೊರಡು ಆಡಿಸಿದರೆ ಹೋಗುತ್ತದೆ. ಸುಟ್ಟದ್ದು ಮಾತ್ರ ಆಳ ಇದೆ ಮಾಸ್ತರೇ. ಅದನ್ನು ಕಳೆಯಲು ಹೋದರೆ ದಪ್ಪ ಉಳಿಯುವುದಿಲ್ಲ,” ಎಂದರು ಆಚಾರರು.

ಅಷ್ಟರಲ್ಲಿ ಅಕ್ಕ ಕಾಫಿ ತಂದಿದ್ದರು. ಲೋಟವನ್ನು ಮೇಜಿನ ಮೇಲಿಟ್ಟು, ಬೆರಳನ್ನು ಆ ತಗ್ಗಿನಲ್ಲಿ ಇಟ್ಟು ನೋಡಿದರು. “ಇದು ನನ್ನ ದೀಪ,” ಎಂದರು. ಸಂಜೆಯ ಕೆಲಸ ಮುಗಿದ ಮೇಲೆ ನಾಗಂದಿಗೆಯ ಮೇಲೆ ದೀಪವಿಟ್ಟು, ಅದರ ಕೆಳಗೆ ನಿಂತುಕೊಂಡೇ ಓದುತ್ತಿದ್ದರಂತೆ. ಕುಳಿತರೆ ಬೆಳಕು ಸಾಲದು. ಒಂದು ರಾತ್ರಿ ಕಥೆಯ ಗುಂಗಿನಲ್ಲಿ ದೀಪ ಓರೆಯಾದದ್ದು ತಿಳಿಯಲಿಲ್ಲ. ಹಲಗೆ ಹೊತ್ತಿ ಹೊಗೆಯಾಡಿತು. ತಂದೆ ಬೈಯಲಿಲ್ಲ. ಮನೆ ಖಾಲಿ ಮಾಡುವ ನೋಟೀಸು ಬಂದ ವಾರ ಅದು. ಹೇಗೂ ನೀರಿಗೆ ಹೋಗುವ ಮನೆ, ಬೆಂಕಿಗೆ ಹೋದರೇನು ಎಂದು ನಕ್ಕರಂತೆ. ನಾಡಿಗೆಲ್ಲ ವಿದ್ಯುತ್ತು ಕೊಟ್ಟ ಆ ನೀರಿನ ಮಗ್ಗುಲಿನ ಈ ಮನೆಗೆ ವಿದ್ಯುದ್ದೀಪ ಬಂದದ್ದು ಮಾಸ್ತರರು ಕೆಲಸಕ್ಕೆ ಸೇರಿದ ಮೇಲೆ. ಅಲ್ಲಿಯವರೆಗಿನ ಕಂತುಗಳೆಲ್ಲ ಸೀಮೆಎಣ್ಣೆಯ ಬೆಳಕಿನಲ್ಲಿ ಓದಿದವು.

ತುಂಡುಗಳ ಸರದಿಯನ್ನು ಹಿಂದುಮುಂದು ಮಾಡಿದರು. ಸೀಳಿನ ಪಕ್ಕದಲ್ಲಿ ಮೊದಲು ಅಡ್ಡಹಲಗೆ, ಆಮೇಲೆ ಪಕ್ಕದವು. ಆಗ ಸುಟ್ಟ ತಗ್ಗು ಎಡಪಕ್ಕದ ಹಲಗೆಯಲ್ಲಿ, ತುದಿಯಿಂದ ಎಂಟು ಅಂಗುಲ ಕೆಳಗೆ ಬರುತ್ತದೆ. ಅದನ್ನು ಒಳಮುಖಕ್ಕೆ ತಿರುಗಿಸಿದರೆ ಪುಸ್ತಕಗಳ ಹಿಂದೆ ಮರೆಯಾಗುತ್ತದೆಂದು ಆಚಾರರ ಸಲಹೆ. ಕೆಲಸದ ನಾಜೂಕಿನ ದೃಷ್ಟಿಯಿಂದ ಅವರು ಹೇಳಿದ್ದು ತಪ್ಪಲ್ಲ. ಮಾಸ್ತರರು ಒಪ್ಪಲಿಲ್ಲ. ನಾಗಂದಿಗೆಯ ಮೇಲ್ಮುಖ ಗೂಡಿನ ಹೊರಮುಖವೇ ಆಯಿತು.

ಉಳಿದದ್ದು ಮೂರು ವಾರಗಳ ಕೆಲಸ. ಗೂಡಿನ ಬಲವೆಲ್ಲ ಪಕ್ಕದ ಹಲಗೆಗಳಲ್ಲಿ ಅಡ್ಡಕ್ಕೆ ಕೊರೆಯುವ ಕಚ್ಚುಗಳಲ್ಲಿದೆ. ಕಚ್ಚಿನ ಎರಡು ಅಂಚನ್ನು ಗರಗಸದಿಂದ ಕೊಯ್ದು, ನಡುವಣ ಮರವನ್ನು ಉಳಿಯಿಂದ ಪದರಪದರವಾಗಿ ಎಬ್ಬಿಸಬೇಕು. ಆಳ ಅಂಗುಲದ ಮೂರನೆಯ ಒಂದು ಪಾಲು ಸಾಕು. ಹೆಚ್ಚಾದರೆ ಪಕ್ಕದ ಹಲಗೆ ಸೊರಗುತ್ತದೆ. ಅಗಲ ಮಾತ್ರ ಅಡ್ಡಹಲಗೆಯ ದಪ್ಪಕ್ಕಿಂತ ಕೂದಲೆಳೆಯೂ ಹೆಚ್ಚಿರಬಾರದು. ಕೊಡತಿಯಿಂದ ತಟ್ಟಿದರೆ ಹೋಗಬೇಕು, ಕೈಯಿಂದ ಎಳೆದರೆ ಬರಬಾರದು. ಎಂಟು ಕಚ್ಚುಗಳಲ್ಲಿ ಎರಡನ್ನು ಆಚಾರರು ಕೊರೆದು ತೋರಿಸಿದರು. ಆರನ್ನು ಮಾಸ್ತರರು ಕೊರೆದರು. ಅವುಗಳಲ್ಲಿ ಒಂದು ಸಡಿಲವಾಗಿ, ಅದೇ ಮರದ ತೆಳು ಸಿಬಿರನ್ನು ಬೆಣೆಯಾಗಿ ಸೇರಿಸಬೇಕಾಯಿತು. ಹಲಗೆಯೊಳಗೆ ಅಡಗಿದ್ದ ಒಂದು ಹಳೆಯ ಕಬ್ಬಿಣದ ಮೊಳೆ ಉಜ್ಜುಗೊರಡಿನ ಅಲಗಿಗೆ ಹಲ್ಲು ಮೂಡಿಸಿದ ದಿನ ಯಾರೂ ಮಾಸ್ತರರನ್ನು ಮಾತನಾಡಿಸಲಿಲ್ಲ. ಕೂಡಿಸುವ ಕಡೆ ಬೈರಿಗೆಯಿಂದ ತೂತು ಮಾಡಿ, ಒಣಗಿದ ಬಿದಿರಿನ ಮೊಳೆ ಹೊಡೆದರು. ಕಬ್ಬಿಣ ಈ ತೇವದಲ್ಲಿ ತುಕ್ಕು ಕಾರಿ ಮರಕ್ಕೆ ಕಲೆ ಹಚ್ಚುತ್ತದೆ. ಗೆದ್ದಲಿಗೆಂದು ಕಾಲಿನ ತಳಕ್ಕೆ ಗೇರೆಣ್ಣೆ ಸವರಿದರು. ಅದನ್ನು ಇಡೀ ಗೂಡಿಗೆ ಹಚ್ಚುವುದು ಈ ಕಡೆಯ ರೂಢಿಯಾದರೂ, ಅದರ ಕಪ್ಪು ಪುಸ್ತಕಕ್ಕೆ ಅಂಟುತ್ತದೆ. ಮೇಲಿನದಕ್ಕೆಲ್ಲ ಅಗಸೆ ಎಣ್ಣೆ, ಎಣ್ಣೆ ಒಣಗಿದ ಮೇಲೆ ಜೇನುಮೇಣ. ಬಟ್ಟೆಯಿಂದ ತಿಕ್ಕಿದಂತೆ ಹಲಸು ಮಾಗಿದ ಬೆಲ್ಲದಂತೆ ಹೊಳೆಯಿತು. ಸುಟ್ಟ ತಗ್ಗಿಗೆ ಅಕ್ಕನೇ ಮೇಣ ತಿಕ್ಕಿದರು.

ಜೂನ್ ಮೊದಲ ವಾರ ಹಿನ್ನೀರಿನ ಆಚೆ ಗುಡುಗು ಕೇಳಿಸಿದ ಸಂಜೆ ಗೂಡನ್ನು ನಡುಮನೆಗೆ ತಂದರು. ಕೆಳಗಿನ ಅಂಕಣದಲ್ಲಿ ಇಪ್ಪತ್ತಮೂರು ಕಟ್ಟುಗಳಲ್ಲಿ ಹದಿನೇಳು ಹಿಡಿದವು. ಉಳಿದ ಆರಕ್ಕಾಗಿ ನಿಘಂಟುಗಳು ಗೂಡಿನ ತಲೆಯ ಮೇಲೆ ಏರಿ, ಅವುಗಳ ಜಾಗವೂ ಅಕ್ಕನದಾಯಿತು. ಯಾವುದು ಯಾವುದರ ಪಕ್ಕದಲ್ಲಿರಬೇಕೆಂಬುದಕ್ಕೆ ಅಕ್ಕನ ಲೆಕ್ಕ ಬೇರೆ: ಲೇಖಕರ ಹೆಸರಲ್ಲ, ವರ್ಷವಲ್ಲ, ಕಥೆ ಸುಖವಾಗಿ ಮುಗಿದವು ಒಂದು ಕಡೆ, ಮುಗಿಯದವು ಒಂದು ಕಡೆ.

ಆಚಾರರು ದೂರ ನಿಂತು ನೋಡಿದರು. ಹತ್ತಿರ ಬಂದು ಒಂದು ಮೂಲೆಯನ್ನು ಹಿಡಿದು ಅಲುಗಿಸಿದರು. ಗೂಡು ಸರಿಯಾಗಿತ್ತು, ನೆಲ ತುಸು ತಗ್ಗಾಗಿತ್ತು. ಅಂಗಳದಿಂದ ಅಡಿಕೆಯ ಹಾಳೆಯ ತುಂಡೊಂದನ್ನು ಹರಿದು ತಂದು, ಎರಡಾಗಿ ಮಡಿಸಿ, ಬಲಗಾಲಿನ ಅಡಿಗೆ ಸಿಕ್ಕಿಸಿದರು.